ಹೊಕ್ಕುಳಬಳ್ಳಿ ಬ್ಯಾಂಕಿಗೆ 58 ಸಾವಿರ: ಕಟ್ಟಬೇಕೇ, ಬಿಡಬೇಕೇ?

ಹೊಸ ಅಪ್ಪ
ಹೆಂಡತಿಗೆ ಎಂಟು ತಿಂಗಳು ತುಂಬುತ್ತಿದೆ. ಕಳೆದ ವಾರ ಸ್ಕ್ಯಾನಿಂಗ್ ಸರದಿಯಲ್ಲಿ ಕುಳಿತಿದ್ದಾಗ ಟೈ ಕಟ್ಟಿದ ಹುಡುಗನೊಬ್ಬ ಪಕ್ಕಕ್ಕೆ ಬಂದು ಕುಳಿತ. ಮಗುವಿಗೆ ಹೆಸರು ಯೋಚಿಸಿದ್ದೀರಾ ಎಂದು ಮಾತು ತೆಗೆದವನು ಹತ್ತು ನಿಮಿಷದಲ್ಲಿ ರಕ್ತದ ಕ್ಯಾನ್ಸರಿಗೆ ಬಂದು ಮುಟ್ಟಿದ. ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತವನ್ನು ಹಿಡಿದು, ಅದರಲ್ಲಿರುವ ಕಾಂಡಕೋಶಗಳನ್ನು (ಸ್ಟೆಮ್ ಸೆಲ್) 75 ವರ್ಷ ಕಾಪಾಡಿ ಇಡುತ್ತಾರಂತೆ. 80 ರೋಗಗಳಿಗೆ ಮದ್ದಂತೆ. 58 ಸಾವಿರ ರೂಪಾಯಿ, ಬೇಕಾದರೆ ಕಂತಿನಲ್ಲಿ. "ಈ ಅವಕಾಶ ಜೀವನದಲ್ಲಿ ಹತ್ತೇ ನಿಮಿಷ ಇರುತ್ತದೆ ಸರ್, ಆಮೇಲೆ ಕಸದ ಬುಟ್ಟಿಗೆ ಹೋಗುತ್ತದೆ" ಎಂದ. ಆ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿದಿದೆ. ಅತ್ತೆಯವರು ಆ ದುಡ್ಡಿಗೆ ಕೂಸಿಗೆ ಒಂದು ಎಳೆ ಚಿನ್ನ ಮಾಡಿಸಿ ಎನ್ನುತ್ತಾರೆ. ವೈದ್ಯರನ್ನು ಕೇಳಿದರೆ "ನಿಮ್ಮ ಇಷ್ಟ" ಎಂದು ನಕ್ಕರು. ತಿಳಿದವರು ಹೇಳಿ.

ಲೆಕ್ಕಿಗ
ನಾನು ಎರಡು ವರ್ಷದ ಹಿಂದೆ ಮಗ ಹುಟ್ಟಿದಾಗ ಕಟ್ಟಿದೆ. ಇನ್ನೂ ಕಂತು ನಡೆಯುತ್ತಿದೆ, ಪಶ್ಚಾತ್ತಾಪವಿಲ್ಲ. ಬೈಕಿಗೆ ವಿಮೆ ಮಾಡಿಸುವಾಗ ಅಪಘಾತವಾಗಿಯೇ ತೀರುತ್ತದೆ ಎಂದು ಯಾರಾದರೂ ಮಾಡಿಸುತ್ತಾರೆಯೇ? ಮದುವೆಯ ವಿಡಿಯೊಗೆ ಒಂದು ಲಕ್ಷ ಸುರಿಯುವವರು ಇದಕ್ಕೆ ಮಾತ್ರ ಕೈ ಹಿಡಿದುಕೊಳ್ಳುವುದು ನನಗೆ ಅರ್ಥವಾಗುವುದಿಲ್ಲ.

ಅನುಮಾನಪ್ಪ
ಬೈಕಿನ ವಿಮೆಯವನು ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತಿರುವುದಿಲ್ಲ. ನನಗೆ ಕಾಣುವ ವ್ಯತ್ಯಾಸ ಅಷ್ಟೇ.

ಸೂಕ್ಷ್ಮದರ್ಶಕ
ಹದಿನಾಲ್ಕು ವರ್ಷದಿಂದ ಅಸ್ಥಿಮಜ್ಜೆ ಕಸಿ ವಿಭಾಗದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಆ ಹುಡುಗ ಹೇಳಿದ್ದರಲ್ಲಿ ಸುಳ್ಳು ಎನ್ನುವಂಥದ್ದು ಬಹಳ ಇಲ್ಲ. ಹೇಳದೆ ಬಿಟ್ಟದ್ದು ಮಾತ್ರ ಬಹಳ ಇದೆ.

ಬಳ್ಳಿಯ ರಕ್ತದಲ್ಲಿ ಇರುವುದು ಮುಖ್ಯವಾಗಿ ರಕ್ತ ಉತ್ಪಾದಿಸುವ ಕಾಂಡಕೋಶ. ನಮ್ಮ ಸೊಂಟದ ಮೂಳೆಯೊಳಗಿನ ಮಜ್ಜೆಯಲ್ಲಿ ಇರುವುದೂ ಅದೇ ಜಾತಿಯದು. ಅದು ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರನ್ನೂ ಹುಟ್ಟಿಸುತ್ತದೆ, ಜೊತೆಗೆ ತನ್ನಂಥದ್ದೇ ಇನ್ನೊಂದನ್ನು ಹುಟ್ಟಿಸಿ ವಂಶ ಉಳಿಸಿಕೊಳ್ಳುತ್ತದೆ. ಆದ್ದರಿಂದ ಮಜ್ಜೆ ಕೆಟ್ಟಾಗ ಆರೋಗ್ಯವಂತರ ಮಜ್ಜೆಯನ್ನು ಕಸಿ ಮಾಡಬಹುದು. 1950ರ ದಶಕದಲ್ಲಿ ಅಮೆರಿಕದ ಡೊನಾಲ್ ಥಾಮಸ್ ಈ ದಾರಿ ತೆರೆದರು, 1990ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ಮೊದಲ ಕಸಿ ನಡೆದದ್ದು 1983ರಲ್ಲಿ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ.

ಈಗ ಆ 80 ರೋಗಗಳ ಪಟ್ಟಿಗೆ ಬರೋಣ. ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ (ಮೈಯಲ್ಲಿ ಸರಿಯಾದ ಕೆಂಪು ಕಣ ತಯಾರಾಗದ ವಂಶವಾಹಿ ರೋಗ), ಕುಡಗೋಲು ಕಣ ರೋಗ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದಿರುವುದು, ಕೆಲವು ಚಯಾಪಚಯದ ರೋಗಗಳು. ಕಸಿಯಿಂದ ಇವು ವಾಸಿಯಾಗುವುದು ನಿಜ. ಆದರೆ ಬಹುಪಾಲು ಸಂದರ್ಭದಲ್ಲಿ ಬೇಕಾಗುವುದು ಬೇರೆಯವರ ಕೋಶ. ಥಲಸ್ಸೇಮಿಯಾ ಇರುವ ಮಗುವಿನ ಬಳ್ಳಿಯ ರಕ್ತದಲ್ಲೂ ಅದೇ ಕೆಟ್ಟ ವಂಶವಾಹಿ ಇರುತ್ತದೆ. ಕಾಡಿಗೆ ರೋಗ ಹಿಡಿದ ಜೋಳದ ರಾಶಿಯಿಂದಲೇ ಮತ್ತೊಂದು ಸೇರು ತಂದು ಬಿತ್ತಿದರೆ ಏನು ಬೆಳೆ ಬಂದೀತು? ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿಯೂ ಎಷ್ಟೋ ಸಲ ವಂಶವಾಹಿಯ ಮೊದಲ ಬಿರುಕು ಮಗು ಹುಟ್ಟುವ ಮುಂಚೆಯೇ ಬಿದ್ದಿರುತ್ತದೆ. ಅದೂ ಅಲ್ಲದೆ, ಉಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುವ ಕೆಲಸವನ್ನು ದಾನಿಯ ಬಿಳಿ ಕಣಗಳು ಮಾಡುತ್ತವೆ. ನಮ್ಮದೇ ಕೋಶಕ್ಕೆ ಅದು ಪರಕೀಯವೆಂದು ಕಾಣುವುದೇ ಇಲ್ಲ.

ಮಗು ತನ್ನದೇ ಬಳ್ಳಿಯ ರಕ್ತವನ್ನು ಮೊದಲ 20 ವರ್ಷದಲ್ಲಿ ಬಳಸುವ ಸಾಧ್ಯತೆ ಶೇ 0.04ರಿಂದ ಶೇ 0.0005. ಎಂದರೆ 2,500ರಲ್ಲಿ ಒಂದರಿಂದ 2 ಲಕ್ಷದಲ್ಲಿ ಒಂದರವರೆಗೆ. ಭಾರತೀಯ ಮಕ್ಕಳ ವೈದ್ಯರ ಸಂಘವೇ 2018ರಲ್ಲಿ ಈ ಅಂಕಿಗಳನ್ನು ಮುಂದಿಟ್ಟು, ಇದನ್ನು "ಜೈವಿಕ ವಿಮೆ" ಎಂದು ಮಾರುವುದು ಸರಿಯಲ್ಲ ಎಂದಿತು.

ಲೆಕ್ಕಿಗ
ಅಂಕಿ ಒಪ್ಪುತ್ತೇನೆ. ಆದರೆ ನನ್ನ ಸೋದರಮಾವನಿಗೆ ಕಸಿ ಮಾಡಿದ್ದು ಅವರದೇ ಕೋಶದಿಂದ. ಕಣ್ಣಾರೆ ಕಂಡಿದ್ದೇನೆ. ತನ್ನ ಕೋಶ ತನಗೆ ಆಗುವುದಿಲ್ಲ ಎಂದು ಸಾರಾಸಗಟಾಗಿ ಹೇಳುವುದು ತಪ್ಪು.

ಸೂಕ್ಷ್ಮದರ್ಶಕ
ಸಾರಾಸಗಟಾಗಿ ಹೇಳಲಿಲ್ಲ, ಬಹುಪಾಲು ಎಂದೆ. ನಿಮ್ಮ ಮಾವನವರಿಗೆ ಇದ್ದದ್ದು ಮಲ್ಟಿಪಲ್ ಮೈಲೋಮಾ ಅಥವಾ ಲಿಂಫೋಮಾ ಎಂಬ ಬಗೆಯ ರಕ್ತದ ಕ್ಯಾನ್ಸರ್ ಇರಬೇಕು. ಕೋಶ ತೆಗೆದದ್ದು ಅವರು ಹುಟ್ಟಿದಾಗಲೋ, ಚಿಕಿತ್ಸೆಯ ಸಮಯದಲ್ಲೋ?

ಲೆಕ್ಕಿಗ
ಮೈಲೋಮಾ. ಅರವತ್ತೊಂದನೇ ವಯಸ್ಸಿನಲ್ಲಿ, ತೋಳಿನ ರಕ್ತನಾಳದಿಂದ ತೆಗೆದರು. ನಿಮ್ಮ ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ಗೊತ್ತಾಯಿತು.

ಗಂಗಾವತಿ ಕಾಕಾ
ನೀವೆಲ್ಲ ಓದಿದವರು. ನಮ್ಮ ಹಿರಿಯರು ಇದನ್ನು ಯಾವ ಕಂಪನಿಯ ಹಂಗಿಲ್ಲದೆ ಮಾಡಿದ್ದರು. ಕೂಸಿನ ಹೊಕ್ಕುಳು ಒಣಗಿ ಬಿದ್ದ ಮೇಲೆ ಅದನ್ನು ಬೆಳ್ಳಿಯ ತಾಯಿತದಲ್ಲಿ ಹಾಕಿ ಸೊಂಟಕ್ಕೆ ಕಟ್ಟುತ್ತಿದ್ದರು. ಮುಂದೆ ರೋಗ ಬಂದರೆ ಅದರಿಂದಲೇ ಔಷಧ. ಇದು ಸ್ಟೆಮ್ ಸೆಲ್ ಅಲ್ಲದೆ ಮತ್ತೇನು? ನಮ್ಮ ಗುಂಪಿಗೆ ಇದರ ಸಂದೇಶ ಬಂದಿದೆ, ವೈದ್ಯರೊಬ್ಬರೇ ಬರೆದದ್ದು.

ಅನುಮಾನಪ್ಪ
ಬಂತು ನೋಡಿ. 2019ರ ಜನವರಿಯಲ್ಲಿ ಜಲಂಧರ್‌ನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಆಂಧ್ರ ವಿಶ್ವವಿದ್ಯಾಲಯದ ಕುಲಪತಿಗಳು, ಕೌರವರು ಹುಟ್ಟಿದ್ದು ಕಾಂಡಕೋಶ ಮತ್ತು ಪ್ರನಾಳ ಶಿಶು ತಂತ್ರದಿಂದ ಎಂದರು. ತುಪ್ಪದ ಕೊಡಗಳನ್ನು ಹಸ್ತಿನಾಪುರದ ಬ್ಯಾಂಕು ಎಷ್ಟು ಕಂತಿಗೆ ಕೊಟ್ಟಿತೋ.

ನಿವೃತ್ತ ಮೇಷ್ಟರು
ಅನುಮಾನಪ್ಪನವರೇ, ಕೊಂಚ ಸಮಾಧಾನ. ಕಾಕಾ, ತಾಯಿತವನ್ನು ನನ್ನ ತಾಯಿಯೂ ನನಗೆ ಕಟ್ಟಿದ್ದರು, ಕರುಳಿನ ನೆನಪಾಗಿ. ಅದರ ಬೆಲೆ ಬೇರೆ. ಆದರೆ ಅದರೊಳಗೆ ಜೀವಂತ ಕೋಶ ಇರಲಾರದು. ಒಣಗಿದ ಕೋಶ ಸತ್ತ ಕೋಶ. ಇವರು ಬ್ಯಾಂಕಿನಲ್ಲಿ ಇಡುವುದು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಅದೂ ಕೋಶದೊಳಗೆ ಮಂಜುಗಡ್ಡೆಯ ಹರಳು ಕಟ್ಟದಂತೆ ವಿಶೇಷ ರಾಸಾಯನಿಕ ಬೆರೆಸಿ. ಬೆಳ್ಳಿಯ ತಾಯಿತ ಬೇಸಿಗೆಯಲ್ಲಿ ಗಂಗಾವತಿಯ ಬಿಸಿಲಿಗೆ 42 ಡಿಗ್ರಿ ಮುಟ್ಟುತ್ತದೆ.

ಈ ವಿದ್ಯೆಗೆ ನಿಜವಾದ ಹುಟ್ಟಿದ ದಿನ ಇದೆ. 1988ರ ಅಕ್ಟೋಬರ್, ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆ, ವೈದ್ಯೆ ಎಲಿಯಾನ್ ಗ್ಲುಕ್‌ಮನ್. ಫ್ಯಾಂಕೋನಿ ರಕ್ತಹೀನತೆ ಎಂಬ ವಂಶವಾಹಿ ರೋಗದ ಅಮೆರಿಕದ ಐದು ವರ್ಷದ ಹುಡುಗ. ಅವನ ತಂಗಿ ಹುಟ್ಟಿದಾಗ ಹಿಡಿದ ಬಳ್ಳಿಯ ರಕ್ತವನ್ನು ಸಾಗರ ದಾಟಿಸಿ ತಂದು ಅವನಿಗೆ ಕೊಟ್ಟರು. ಹುಡುಗ ಬದುಕಿ ದೊಡ್ಡವನಾದ. ಗಮನಿಸಿ, ತಂಗಿಯದು, ಅವನದಲ್ಲ.

ಗಂಗಾವತಿ ಕಾಕಾ
ಸರಿ ಮೇಷ್ಟರೇ, ತಾಯಿತ ಬಿಟ್ಟೆ. ಆದರೆ ಒಂದು ಪ್ರಶ್ನೆಗೆ ಉತ್ತರ ಹೇಳಿ. ನಮ್ಮ ಅಜ್ಜಿ ಸೂಲಗಿತ್ತಿ. ಕೂಸು ಬಿದ್ದ ಮೇಲೆ ಬಳ್ಳಿಯನ್ನು ಬೆರಳಲ್ಲಿ ಹಿಡಿದು, ಮಿಡಿತ ನಿಲ್ಲುವವರೆಗೆ ಕತ್ತರಿಸುತ್ತಿರಲಿಲ್ಲ. ಆ ರಕ್ತ ಕೂಸಿನದು, ಕೂಸಿಗೇ ಹೋಗಲಿ ಎನ್ನುತ್ತಿದ್ದಳು. ಈ ಬ್ಯಾಂಕಿನವರು ಚೀಲ ತುಂಬಿಸುವ ರಕ್ತ ಯಾರದು?

ಸೂಕ್ಷ್ಮದರ್ಶಕ
ಕಾಕಾ, ಈ ಚರ್ಚೆಯಲ್ಲಿ ಇಲ್ಲಿಯವರೆಗೆ ಬಂದ ಅತ್ಯುತ್ತಮ ಪ್ರಶ್ನೆ ಇದು. ನಿಮ್ಮ ಅಜ್ಜಿ ಹೇಳಿದ್ದನ್ನೇ ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುತ್ತಿದೆ. ಕೂಸಿಗೆ ಉಸಿರಾಟದ ತೊಂದರೆಯಂಥ ತುರ್ತು ಇಲ್ಲದಿದ್ದರೆ ಕನಿಷ್ಠ 1 ನಿಮಿಷ ಕಳೆಯದೆ ಬಳ್ಳಿಗೆ ಕ್ಲಿಪ್ ಹಾಕಬಾರದು. ಆ ಅವಧಿಯಲ್ಲಿ ಮಾಸಿನಿಂದ (ಹೆರಿಗೆಯ ಕಸ ಎನ್ನುತ್ತೇವಲ್ಲ, ಅದು) ಕೂಸಿಗೆ ಹರಿಯುವ ರಕ್ತ ಮುಂದಿನ ಎಷ್ಟೋ ತಿಂಗಳು ಅದರ ಕಬ್ಬಿಣಾಂಶದ ಗಂಟು. ರಕ್ತಹೀನತೆ ಇಷ್ಟು ಹರಡಿರುವ ನಮ್ಮ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಕಾದಷ್ಟೂ ಚೀಲಕ್ಕೆ ಸಿಗುವುದು ಕಡಿಮೆ. ಬೇಗ ಕತ್ತರಿಸಿದರೆ ಚೀಲ ತುಂಬುತ್ತದೆ. ಒಳ್ಳೆಯ ವೈದ್ಯರು ಕಾದು, ಉಳಿದದ್ದನ್ನು ಮಾತ್ರ ಹಿಡಿಯುತ್ತಾರೆ. ಎಲ್ಲರೂ ಕಾಯುತ್ತಾರೆಂದು ನಾನು ಪ್ರಮಾಣ ಮಾಡಲಾರೆ.

ಅನುಮಾನಪ್ಪ
ಕಾಕಾ, ತುಪ್ಪದ ಮಾತು ಹಿಂದಕ್ಕೆ ತೆಗೆದುಕೊಂಡೆ. ಅಜ್ಜಿಗೆ ನಮಸ್ಕಾರ.

ಹಾಸನದ ಅಮ್ಮ
ಇಷ್ಟು ಹೊತ್ತು ಓದುತ್ತಿದ್ದೆ, ಬರೆಯಬೇಕೋ ಬೇಡವೋ ಎಂದು. ನನ್ನ ಮಗನಿಗೆ ಥಲಸ್ಸೇಮಿಯಾ ಮೇಜರ್ ಇತ್ತು. ಏಳನೇ ತಿಂಗಳಿನಿಂದ ಮೂರು ವಾರಕ್ಕೊಮ್ಮೆ ರಕ್ತ. ರಕ್ತ ಹಾಕಿಸಿದಷ್ಟೂ ಮೈಯಲ್ಲಿ ಕಬ್ಬಿಣ ತುಂಬಿ ಹೃದಯ, ಯಕೃತ್ತು ಕೆಡುತ್ತದೆ, ಅದನ್ನು ಹೊರಹಾಕಲು ದಿನಾ ಔಷಧ. ನನಗೂ ಯಜಮಾನರಿಗೂ ಥಲಸ್ಸೇಮಿಯಾ ಮೈನರ್ (ರೋಗ ಕಾಡದೆ ಅದರ ವಂಶವಾಹಿ ಮಾತ್ರ ಇರುವುದು) ಇದೆ ಎಂದು ತಿಳಿದದ್ದೇ ಅವನು ಹುಟ್ಟಿದ ಮೇಲೆ. ಮದುವೆಗೆ ಜಾತಕ ನಾಲ್ಕು ಕಡೆ ತೋರಿಸಿದ್ದರು, ರಕ್ತ ಒಂದು ಕಡೆಯೂ ತೋರಿಸಿರಲಿಲ್ಲ.

ಎರಡನೆಯ ಗರ್ಭದಲ್ಲಿ ಪರೀಕ್ಷೆ ಮಾಡಿಸಿದೆವು, ಮಗಳಿಗೆ ರೋಗ ಇರಲಿಲ್ಲ. ಮನೆಯಲ್ಲಿ ಆಗಲೇ ರೋಗಿ ಇರುವುದರಿಂದ ಬಳ್ಳಿಯ ರಕ್ತ ಹಿಡಿದಿಡಿ ಎಂದು ಕಸಿ ವೈದ್ಯರೇ ಹೇಳಿದರು. ಹಿಡಿಸಿದೆವು. ದಾನಿಯ ಕೋಶ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆಯಲ್ಲಿ ಮಗಳದು ಮಗನಿಗೆ ಪೂರ್ತಿ ಹೊಂದಿತು. ಆ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತದ್ದನ್ನು ನೋಡಿ ಕಾವಲುಗಾರ ನೀರು ತಂದುಕೊಟ್ಟ, ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು.

ಆದರೆ ಚೀಲದಲ್ಲಿ ಇದ್ದದ್ದು 55 ಮಿಲಿಲೀಟರ್. ಮಗನ ತೂಕಕ್ಕೆ ಅದೊಂದೇ ಸಾಲದು ಎಂದರು. ಮಗಳಿಗೆ ಎರಡೂವರೆ ವರ್ಷವಾದಾಗ ಅವಳ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಎರಡನ್ನೂ ಸೇರಿಸಿ ಕೊಟ್ಟರು. ಅವಳು ಮಾರನೆಯ ದಿನವೇ ವಾರ್ಡಿನಲ್ಲಿ ಓಡಾಡಿದಳು. ಮಗ ಐವತ್ತು ದಿನ ಗಾಜಿನ ಕೋಣೆಯಲ್ಲಿದ್ದ. ಈಗ ಎಂಟನೇ ತರಗತಿ, ರಕ್ತ ಹಾಕಿಸಿ ಆರು ವರ್ಷವಾಯಿತು. ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಿಂದ ನಮಗೆ ನೆರವು ಸಿಕ್ಕಿತು, ಆಯ್ದ ಆಸ್ಪತ್ರೆಗಳಲ್ಲಿ 10 ಲಕ್ಷದವರೆಗೆ ಕೊಡುತ್ತಾರೆ. ಇದು ಬೇಕಾದವರು ತಿಳಿದಿರಲಿ ಎಂದೇ ಇಷ್ಟು ಬರೆದೆ.

ಹೊಸ ಅಪ್ಪ
ಅಮ್ಮಾ, ಓದಿ ಸುಮ್ಮನಾದೆ. ಒಂದು ಕೇಳಲೇ? ನಿಮ್ಮ ಮಗನ ಬಳ್ಳಿಯ ರಕ್ತವನ್ನು ಹುಟ್ಟಿದಾಗಲೇ ಇಟ್ಟಿದ್ದರೆ?

ಹಾಸನದ ಅಮ್ಮ
ಅದೇ ರೋಗದ ರಕ್ತ 58 ಸಾವಿರಕ್ಕೆ ತಣ್ಣಗೆ ಇರುತ್ತಿತ್ತು.

ಲೆಕ್ಕಿಗ
ಅಮ್ಮನವರ ಮಾತಿಗೆ ಎದುರಾಡುವ ಯೋಗ್ಯತೆ ನನಗಿಲ್ಲ. ಆದರೂ ಅವರ ಕತೆ ನನ್ನ ವಾದವನ್ನೇ ಹೇಳುತ್ತಿದೆಯಲ್ಲವೇ? ತಂಗಿಯದು ಅಣ್ಣನಿಗೆ ಆಯಿತು. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇನ್ನೊಂದು ಮಾತು, ನಾನು ಸೇರಿರುವುದು ಸಮುದಾಯ ಬ್ಯಾಂಕಿಗೆ. ಸದಸ್ಯರ ಚೀಲಗಳೆಲ್ಲ ಒಂದೇ ಕಣಜದಲ್ಲಿ, ಯಾರಿಗೆ ಯಾವುದು ಹೊಂದುತ್ತದೋ ಅದನ್ನು ತೆಗೆದುಕೊಳ್ಳಬಹುದು. ತನ್ನದು ತನಗೆ ಎಂಬ ಹಳೆಯ ಲೆಕ್ಕ ಅಲ್ಲಿ ಇಲ್ಲ.

ಸೂಕ್ಷ್ಮದರ್ಶಕ
ಕಣಜದ ಯೋಚನೆ ತಪ್ಪಲ್ಲ, ಅದು ಹಳೆಯ ಯೋಚನೆಯೂ ಹೌದು. 1990ರ ದಶಕದ ಆರಂಭದಲ್ಲೇ ನ್ಯೂಯಾರ್ಕ್‌ನಲ್ಲಿ ಸಾರ್ವಜನಿಕ ಬಳ್ಳಿರಕ್ತ ಬ್ಯಾಂಕ್ ಶುರುವಾಯಿತು. ತಾಯಂದಿರು ದಾನ ಕೊಡುತ್ತಾರೆ, ದುಡ್ಡಿಲ್ಲ, ಯಾರಿಗೆ ಹೊಂದಿದರೆ ಅವರಿಗೆ. ಜಗತ್ತಿನಲ್ಲಿ ಇದುವರೆಗೆ ನಡೆದ 40 ಸಾವಿರಕ್ಕೂ ಹೆಚ್ಚು ಬಳ್ಳಿರಕ್ತ ಕಸಿಗಳಲ್ಲಿ ಬಹುಪಾಲು ಇಂಥ ಸಾರ್ವಜನಿಕ ಚೀಲಗಳಿಂದಲೇ. ನಿಮ್ಮದು ಬೇಲಿ ಹಾಕಿದ ಕಣಜ. ಹೊರಗಿನ ಬಡವನ ಮಗುವಿಗೆ ಅದರಲ್ಲಿ ಹೊಂದುವ ಚೀಲ ಇದ್ದರೂ ಅದು ಸದಸ್ಯರ ಸ್ವತ್ತು.

ಇದರ ನಡುವೆ ಇನ್ನೊಂದು ಬದಲಾವಣೆ ಬಂದಿದೆ. ಅರ್ಧ ಹೊಂದುವ ಕಸಿ. ತಂದೆ, ತಾಯಿ ಪ್ರತಿಯೊಬ್ಬರೂ ಮಗುವಿಗೆ ಅರ್ಧ ಹೊಂದಿಯೇ ಇರುತ್ತಾರೆ. ಕಸಿಯಾದ ಮೂರು ನಾಲ್ಕು ದಿನಕ್ಕೆ ಸೈಕ್ಲೊಫಾಸ್ಫಮೈಡ್ ಎಂಬ ಹಳೆಯ ಔಷಧವನ್ನು ಕೊಟ್ಟು, ರೋಗಿಯ ಮೈಯ ಮೇಲೆ ದಾಳಿ ಮಾಡುವ ದಾನಿಯ ಕಣಗಳನ್ನು ಅಡಗಿಸುವ ಕ್ರಮ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ರೂಪುಗೊಂಡಿತು. ಅಂದಿನಿಂದ ಬಳ್ಳಿರಕ್ತದ ಬೇಡಿಕೆ ಇಳಿಯುತ್ತಲೇ ಇದೆ. ನಮ್ಮ ವಿಭಾಗದಲ್ಲಿ ಬಳ್ಳಿರಕ್ತದ ಚೀಲ ಕರಗಿಸಿ ಎಷ್ಟು ವರ್ಷವಾಯಿತೆಂದು ನನಗೇ ಮರೆತಿದೆ.

ಲೆಕ್ಕಿಗ
ಬೇಡಿಕೆ ಇಳಿಯುತ್ತಿದೆ ಎನ್ನುತ್ತೀರಿ. ಕೋಶ ಕಡಿಮೆ ಇದ್ದರೂ ಪ್ರಯೋಗಾಲಯದಲ್ಲಿ ಹೆಚ್ಚಿಸುವ ತಂತ್ರಕ್ಕೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತಲ್ಲ? ಅದನ್ನು ಹೇಳಲೇ ಇಲ್ಲ.

ಸೂಕ್ಷ್ಮದರ್ಶಕ
ಸಿಕ್ಕಿದೆ, ಒಮಿಡುಬಿಸೆಲ್. ಹನ್ನೆರಡು ವರ್ಷ ದಾಟಿದ ರಕ್ತದ ಕ್ಯಾನ್ಸರ್ ರೋಗಿಗಳಿಗೆ. ಅದೂ ದಾನಿಯ ಚೀಲದಿಂದ, ರೋಗಿಯದರಿಂದಲ್ಲ. ನೀವು ಓದಿಕೊಂಡು ಬಂದಿದ್ದೀರಿ, ಸಂತೋಷ. ನಿಮ್ಮ ಮಗನ ಚೀಲ ಇಟ್ಟಾಗ ಒಂದು ವರದಿ ಕೊಟ್ಟಿರುತ್ತಾರೆ. ಅದರಲ್ಲಿ ಒಟ್ಟು ಕೋಶಕೇಂದ್ರವುಳ್ಳ ಕೋಶಗಳ ಸಂಖ್ಯೆ ಎಂದು ಒಂದು ಸಾಲು ಇರುತ್ತದೆ. ಅದನ್ನು ನೋಡಿ ಹೇಳಿ.

ಲೆಕ್ಕಿಗ
ಊರಿನ ಮನೆಯ ಬೀರುವಿನಲ್ಲಿದೆ. ಶನಿವಾರ ಹೋದಾಗ ನೋಡುತ್ತೇನೆ.

ಅನುಮಾನಪ್ಪ
ನನ್ನದೊಂದು ಭಾಷೆಯ ತಕರಾರು. ಕಾಂಡಕೋಶ ಎಂದರೆ ನನಗೆ ಬಾಳೆಯ ದಿಂಡು ನೆನಪಾಗುತ್ತದೆ. ಇಂಗ್ಲಿಷಿನ ಪದವನ್ನು ಕಣ್ಣುಮುಚ್ಚಿ ಅನುವಾದಿಸಿದವರು ಯಾರು?

ನಿವೃತ್ತ ಮೇಷ್ಟರು
ಆಕರಕೋಶ ಎಂದು ಬರೆಯುವವರೂ ಇದ್ದಾರೆ, ನನಗೂ ಅದೇ ಇಷ್ಟ. ಮೂಲ ಪದ ಜರ್ಮನ್, ಸ್ಟಾಮ್‌ತ್ಸೆಲ್ಲೆ. 1868ರಲ್ಲಿ ಅರ್ನ್ಸ್ಟ್ ಹೆಕೆಲ್ ಬಳಸಿದ. ಅವನು ಜೀವಿಗಳ ವಂಶವೃಕ್ಷ ಬರೆಯುತ್ತಿದ್ದವನು, ಆ ವೃಕ್ಷದ ಬುಡಕ್ಕೆ ಇಟ್ಟ ಹೆಸರು ಅದು. ಆದ್ದರಿಂದ ಬಾಳೆಯ ದಿಂಡಲ್ಲ, ವಂಶದ ಬೊಡ್ಡೆ. ಹಾಗೆ ನೋಡಿದರೆ ಕಾಂಡಕೋಶವೂ ಅಷ್ಟು ದಡ್ಡ ಅನುವಾದವಲ್ಲ.

ಮ್ಯೂನಿಕ್ ಕನ್ನಡತಿ
ನಾನು ಜರ್ಮನಿಯಲ್ಲಿ ಶುಶ್ರೂಷಕಿ. ಇಲ್ಲಿ ಕೋಟಿಯ ಲೆಕ್ಕದಲ್ಲಿ ಜನ ದಾನಿಗಳ ನೋಂದಣಿಯಲ್ಲಿದ್ದಾರೆ. ಎರಡು ವರ್ಷದ ಹಿಂದೆ ನನಗೆ ಕರೆ ಬಂತು, ಯಾರಿಗೋ ಹೊಂದಿದೆ ಎಂದು. ಮೂಳೆಗೆ ತೂತು ಹೊಡೆಯುತ್ತಾರೆ ಎಂದು ಊರಿನಿಂದ ಅಮ್ಮ ಫೋನಿನಲ್ಲಿ ಗೋಳಾಡಿದರು. ನಡೆದದ್ದು ಇಷ್ಟು: ಐದು ದಿನ ಹೊಟ್ಟೆಯ ಚರ್ಮಕ್ಕೆ ಚುಚ್ಚುಮದ್ದು, ಮಜ್ಜೆಯಲ್ಲಿರುವ ಕಾಂಡಕೋಶ ರಕ್ತಕ್ಕೆ ಇಳಿದು ಬರಲಿ ಎಂದು. ಮೈ ಕೈ ನೋವು, ಜ್ವರ ಬಂದಾಗಿನಂತೆ. ಐದನೆಯ ದಿನ ಒಂದು ತೋಳಿನಿಂದ ರಕ್ತ ಯಂತ್ರಕ್ಕೆ, ಯಂತ್ರ ಬೇಕಾದ ಕೋಶ ಆರಿಸಿಕೊಂಡು ಉಳಿದದ್ದನ್ನು ಇನ್ನೊಂದು ತೋಳಿಗೆ. ನಾಲ್ಕು ಗಂಟೆ. ಸಂಜೆ ಮನೆಗೆ ಬಂದು ಅನ್ನ ಸಾರು ಮಾಡಿ ಉಂಡೆ.

ಹೊಂದಿದ್ದು ನಮ್ಮ ಕಡೆಯ ಯಾರಿಗೋ ಇರಬೇಕು, ಹೇಳುವುದಿಲ್ಲ. ಎಚ್‌ಎಲ್‌ಎ ಎಂಬುದು ವಂಶ, ಪ್ರದೇಶ ಹಿಡಿದು ಬರುತ್ತದೆ. ಜಗತ್ತಿನ ನೋಂದಣಿಗಳಲ್ಲಿ 4 ಕೋಟಿಗೂ ಹೆಚ್ಚು ದಾನಿಗಳಿದ್ದಾರೆ, ಭಾರತದವರು ಕೆಲವೇ ಲಕ್ಷ. ಜರ್ಮನ್ ರೋಗಿಗೆ ದಾನಿ ಸಿಗುವಷ್ಟು ಸುಲಭವಾಗಿ ಕನ್ನಡದ ರೋಗಿಗೆ ಸಿಗುವುದಿಲ್ಲ. 140 ಕೋಟಿ ಜನರ ದೇಶ! ದಾನಿಗಳ ನೋಂದಣಿಗೆ ಚೆನ್ನೈಯಲ್ಲಿ ದಾತ್ರಿ ಇದೆ, ಬೆಂಗಳೂರಿನಲ್ಲಿ ಡಿಕೆಎಂಎಸ್‌ನ ಭಾರತ ಘಟಕ ಇದೆ. ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಸವರಿ ಕಳುಹಿಸಿದರೆ ನೋಂದಣಿ ಆಯಿತು. ಒಂದು ಪೈಸೆ ಖರ್ಚಿಲ್ಲ. ಇದಕ್ಕೆ ಟೈ ಕಟ್ಟಿದ ಹುಡುಗ ಬರುವುದಿಲ್ಲ, ಏಕೆಂದರೆ ಇದರಲ್ಲಿ ಅವನಿಗೆ ಕಮಿಷನ್ ಇಲ್ಲ.

ಬಾಗಿಲು ಬಡಿದವನು
ರಕ್ತದ ರೋಗಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ಬ್ಯಾಂಕಿನವರು ಕೊಡುವ ಕಿರುಹೊತ್ತಿಗೆಯ ಕೊನೆಯ ಪುಟ ತೆರೆಯಿರಿ: ಸ್ವಲೀನತೆ (ಆಟಿಸಂ), ಸೆರೆಬ್ರಲ್ ಪಾಲ್ಸಿ, ಸಕ್ಕರೆ ಕಾಯಿಲೆ, ಬೆನ್ನುಹುರಿಯ ಪೆಟ್ಟು. ನನ್ನ ಮಗನಿಗೆ ಸ್ವಲೀನತೆ. ದೂರದ ನಗರವೊಂದರ ಕ್ಲಿನಿಕ್ಕಿಗೆ ಮೂರು ಸಲ ಕರೆದೊಯ್ದೆ. ಅವನದೇ ಸೊಂಟದಿಂದ ಮಜ್ಜೆ ತೆಗೆದು, ಬೆನ್ನುಹುರಿಯ ದ್ರವಕ್ಕೆ ಚುಚ್ಚಿದರು. ಅಡಿಕೆ ತೋಟದ ಒಂದು ಪಾಲು ಹೋಯಿತು. ಮೊದಲ ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಎಂದು ನನಗೆ ಅನ್ನಿಸಿತು. ದುಡ್ಡು ಕೊಟ್ಟವನ ಕಣ್ಣಿಗೆ ಏನೇನೋ ಕಾಣುತ್ತದೆ. ಆಮೇಲೆ ತಿಳಿಯಿತು, 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸ್ವಲೀನತೆಗೆ ಇದನ್ನು ಚಿಕಿತ್ಸೆಯಾಗಿ ಕೊಡಕೂಡದು ಎಂದಿತ್ತು ಎಂದು. ನಾನು ಹೋದದ್ದು ಅದಾದ ಮೇಲೆ.

ಲೆಕ್ಕಿಗ
ಬಹಳ ನೋವಾಯಿತು. ಬಳ್ಳಿಯ ರಕ್ತದಿಂದ ಸ್ವಲೀನತೆಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗ ನಡೆದಿದೆ ಎಂದು ನಮಗೂ ಹೇಳಿದ್ದರು.

ಸೂಕ್ಷ್ಮದರ್ಶಕ
ನಡೆದಿದೆ. ಪ್ರಾಮಾಣಿಕವಾಗಿಯೇ ನಡೆದಿದೆ. 180 ಮಕ್ಕಳು, ಕೆಲವರಿಗೆ ಬಳ್ಳಿಯ ರಕ್ತ, ಕೆಲವರಿಗೆ ಹುಸಿಮದ್ದು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಮುಖ್ಯವಾಗಿ ಅಳೆಯಲು ಹೊರಟಿದ್ದ ಸಾಮಾಜಿಕ ಒಡನಾಟದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ನಡೆಯಿತು ಎಂಬ ಮೊದಲರ್ಧ ಕಿರುಹೊತ್ತಿಗೆಗೆ ಬಂತು, ಎರಡನೆಯ ಅರ್ಧ ಬರಲಿಲ್ಲ.

ಬಡಿದವರೇ, ತಪ್ಪು ನಿಮ್ಮದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರತಂದ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ರೋಗಗಳಿಗೆ ಮಾಡುವ ಕಾಂಡಕೋಶ ಕಸಿ ಮಾತ್ರ ಅಂಗೀಕೃತ ಚಿಕಿತ್ಸೆ, ಉಳಿದದ್ದೆಲ್ಲ ಪ್ರಯೋಗ. ಪ್ರಯೋಗವೆಂದ ಮೇಲೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಬಳ್ಳಿಯ ಅಂಗಾಂಶ, ಹಾಲುಹಲ್ಲಿನ ತಿರುಳು, ಕೊಬ್ಬು ಇವನ್ನೆಲ್ಲ ಬ್ಯಾಂಕಿನಲ್ಲಿ ಇಡುವುದಕ್ಕೂ ಅದರಲ್ಲಿ ಅನುಮತಿ ಇಲ್ಲ, ಬಳ್ಳಿಯ ರಕ್ತಕ್ಕೆ ಮಾತ್ರ ಇದೆ. ಹೊಸ ಅಪ್ಪ, ನಿಮ್ಮ ಹುಡುಗ ಹಲ್ಲಿನ ಮಾತು ತೆಗೆದನೇ?

ಹೊಸ ಅಪ್ಪ
ತೆಗೆದ. "ಪ್ರೀಮಿಯಂ ಯೋಜನೆ"ಯಲ್ಲಿ.

ಬಾಗಿಲು ಬಡಿದವನು
ನನಗೂ ಅವರು ಒಂದು ರಸೀದಿ ಕೊಟ್ಟರು. "ಪುನಶ್ಚೇತನ ಸೇವೆ" ಎಂದು ಬರೆದಿತ್ತು. ಕಾಂಡಕೋಶ ಎಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅನುಮಾನಪ್ಪ
ದುಡ್ಡು ಹೋದರೆ ಅಷ್ಟೇ ಹೋಯಿತು ಎನ್ನಬಹುದು. ಫ್ಲಾರಿಡಾದಲ್ಲಿ 2015ರಲ್ಲಿ ಮೂವರು ವೃದ್ಧೆಯರು ಕಣ್ಣಿನ ಅಕ್ಷಿಪಟಲದ ಸವೆತಕ್ಕೆಂದು ಕ್ಲಿನಿಕ್ಕಿಗೆ ಹೋದರು. ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶವನ್ನು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿದರು. ಇದ್ದ ಮಸುಕು ನೋಟವೂ ಹೋಯಿತು. ಅದಕ್ಕೂ ಮುಂಚೆ ಮಾಸ್ಕೋದಲ್ಲಿ ಭ್ರೂಣದ ಕೋಶ ಚುಚ್ಚಿಸಿಕೊಂಡ ಇಸ್ರೇಲಿನ ಹುಡುಗನ ಮಿದುಳಿನಲ್ಲಿ ಗಡ್ಡೆ ಬೆಳೆಯಿತು, ಪರೀಕ್ಷಿಸಿದರೆ ಗಡ್ಡೆಯ ಕೋಶ ಅವನದಲ್ಲ, ದಾನಿಯದು. ಬೆಳೆಯುವುದೇ ಕಾಂಡಕೋಶದ ಗುಣ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದವನ ಕೈಯಲ್ಲಿ ಅದು ಮದ್ದಲ್ಲ, ಕಳೆ.

ಗಂಗಾವತಿ ಕಾಕಾ
ಭ್ರೂಣ ಎಂದಿರಿ. ಹಾಗಾದರೆ ಇದಕ್ಕೆಲ್ಲ ಕೂಸುಗಳನ್ನು ಕೊಲ್ಲುತ್ತಾರೆಯೇ?

ನಿವೃತ್ತ ಮೇಷ್ಟರು
ಇಲ್ಲ ಕಾಕಾ. ಬಳ್ಳಿಯ ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ. 1998ರಲ್ಲಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್, ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಬಳಕೆಯಾಗದೆ ಉಳಿದ, ಐದಾರು ದಿನದ ಭ್ರೂಣದಿಂದ ಕೋಶ ಬೆಳೆಸಿದ. ಸಾಸಿವೆ ಕಾಳಿಗಿಂತಲೂ ಚಿಕ್ಕದು ಅದು. ದೇಹದ ಯಾವ ಅಂಗವಾದರೂ ಆಗಬಲ್ಲ ಕೋಶ, ಆದ್ದರಿಂದ ಆಸೆಯೂ ದೊಡ್ಡದು, ಧರ್ಮಸಂಕಟವೂ ದೊಡ್ಡದು. ಜಪಾನಿನ ಶಿನ್ಯಾ ಯಮನಕ ಆ ಸಂಕಟಕ್ಕೆ ಬೇರೆಯೇ ಹಾದಿ ಹುಡುಕಿದ. 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಕ್ಕೆ ನಾಲ್ಕೇ ವಂಶವಾಹಿ ಸೇರಿಸಿ, ಅದನ್ನು ಭ್ರೂಣದ ಸ್ಥಿತಿಗೆ ಹಿಂದಿರುಗಿಸಿದ. 2012ರಲ್ಲಿ ನೊಬೆಲ್. ಮುಪ್ಪಿನ ಕೋಶಕ್ಕೆ ಮರಳಿ ಶೈಶವ! ತರಗತಿಯಲ್ಲಿ ಇದನ್ನು ಹೇಳುವಾಗ ನನ್ನ ಧ್ವನಿ ಪ್ರತಿ ವರ್ಷ ಏರುತ್ತಿತ್ತು, ಮಕ್ಕಳು ನಗುತ್ತಿದ್ದರು.

ಇಲ್ಲಿ ಹೊಸ ಅಪ್ಪ ಗಮನಿಸಬೇಕಾದದ್ದು ಇದೆ. ಹತ್ತೇ ನಿಮಿಷದ ಅವಕಾಶ ಎಂಬ ಮಾತು. ನಾಳೆ ಕಾಂಡಕೋಶದಿಂದ ಹೃದಯ, ಯಕೃತ್ತು ದುರಸ್ತಿಯಾಗುವ ಕಾಲ ಬಂದರೆ, ಅದಕ್ಕೆ ಬೇಕಾದ ಕೋಶವನ್ನು ಅರವತ್ತು ವರ್ಷದವನ ಚರ್ಮದ ಚೂರಿನಿಂದಲೂ, ಒಂದು ಚಮಚ ರಕ್ತದಿಂದಲೂ ಮಾಡಬಹುದು. ಜಪಾನಿನಲ್ಲಿ 2014ರಲ್ಲಿ ವೃದ್ಧೆಯೊಬ್ಬರ ಚರ್ಮದಿಂದಲೇ ಅವರ ಕಣ್ಣಿಗೆ ಅಕ್ಷಿಪಟಲದ ಪದರ ಬೆಳೆಸಿ ಕೂರಿಸಿದರು. ಅದು ಇನ್ನೂ ಪ್ರಯೋಗದ ಹಂತವೇ. ಆದರೆ ಬಾಗಿಲು ಹುಟ್ಟಿದ ದಿನಕ್ಕೆ ಮುಚ್ಚುವುದಿಲ್ಲ.

ಸೂಕ್ಷ್ಮದರ್ಶಕ
ಮೇಷ್ಟರು ಜಪಾನಿಗೆ ಹೋದರು, ನಾನು ಹೈದರಾಬಾದಿಗೆ ಕರೆದೊಯ್ಯುತ್ತೇನೆ. ಎಲೆ ಅಡಿಕೆಯ ಸುಣ್ಣ ಕಣ್ಣಿಗೆ ಸಿಡಿದು ಕುರುಡಾಗುವ ಮಕ್ಕಳು ನಮ್ಮ ದೇಶದಲ್ಲಿ ಕಡಿಮೆ ಇಲ್ಲ. ಕರಿಗುಡ್ಡೆಯ ಅಂಚಿನಲ್ಲಿ ಕಾಂಡಕೋಶಗಳ ಒಂದು ಉಂಗುರ ಇರುತ್ತದೆ, ಕಣ್ಣಿನ ಮೇಲ್ಪದರವನ್ನು ದಿನವೂ ಹೊಸದು ಮಾಡುವುದು ಅದೇ. ಸುಣ್ಣ ಅದನ್ನು ಸುಟ್ಟರೆ ಕಣ್ಣಿನ ಮೇಲೆ ಬಿಳಿಯ ಪೊರೆ ಬೆಳೆದುಬಿಡುತ್ತದೆ. ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೀರೇಂದರ್ ಸಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಸರಳ ವಿಧಾನ ಪ್ರಕಟಿಸಿದರು. ಇನ್ನೊಂದು ಚೆನ್ನಾಗಿರುವ ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರ್ ಚೂರು, ಅದನ್ನು ಕೊಚ್ಚಿ, ಕೆಟ್ಟ ಕಣ್ಣಿಗೆ ಹಾಸಿದ ಗರ್ಭಪೊರೆಯ ತುಣುಕಿನ ಮೇಲೆ ಅಂಟಿಸುವುದು. ದುಬಾರಿ ಪ್ರಯೋಗಾಲಯ ಬೇಡ. ಗರ್ಭಪೊರೆ ಎಲ್ಲಿಂದ ಬರುತ್ತದೆ ಎಂದಿರಾ? ಹೆರಿಗೆಯ ಕಸದಿಂದ, ಯಾರೋ ತಾಯಿ ದಾನ ಕೊಟ್ಟದ್ದು.

ವೆಲ್ಲೂರಿನಲ್ಲಿ ಇನ್ನೊಂದು ನಡೆದಿದೆ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗದ ಐವರಿಗೆ, ಅವರದೇ ರಕ್ತ ಕಾಂಡಕೋಶ ತೆಗೆದು, ಕಾಣೆಯಾದ ವಂಶವಾಹಿ ಸೇರಿಸಿ ಮರಳಿಸಿದರು. 2024ರಲ್ಲಿ ಪ್ರಕಟವಾಯಿತು. ತನ್ನ ಕೋಶ ತನಗೆ ಆಗುವುದು ಇಂಥಲ್ಲಿ ಲೆಕ್ಕಿಗರೇ, ತಿದ್ದಿದ ಮೇಲೆ. ಅಲ್ಲಿಯೂ ಕೋಶ ತೆಗೆದದ್ದು ದೊಡ್ಡವರಾದ ಮೇಲೆಯೇ.

ಹೊಸ ಅಪ್ಪ
ಕೆಳಗಿನದು ನಾನು ಬರೆದದ್ದಲ್ಲ. ನನ್ನ ಹೆಂಡತಿ ಮೊಬೈಲ್ ಕಿತ್ತುಕೊಂಡಿದ್ದಾಳೆ.

ನಮಸ್ಕಾರ. ನನ್ನ ಹೊಟ್ಟೆಯ ಬಗ್ಗೆ ಒಂಬತ್ತು ದಿನ ಚರ್ಚೆ ಮಾಡಿದ ಎಲ್ಲರಿಗೂ ವಂದನೆ, ಒಬ್ಬರೂ ನನ್ನನ್ನು ಕೇಳಲಿಲ್ಲ. ಒಪ್ಪಂದದ ಹದಿನೇಳು ಪುಟ ಓದಿದವಳು ಈ ಮನೆಯಲ್ಲಿ ನಾನೊಬ್ಬಳೇ. ಹನ್ನೊಂದನೇ ಪುಟದಲ್ಲಿ, ಚೀಲದಲ್ಲಿ ಕೋಶ ಎಷ್ಟೇ ಕಡಿಮೆ ಸಿಕ್ಕರೂ ಹಣ ವಾಪಸಿಲ್ಲ ಎಂದಿದೆ. ಹದಿಮೂರನೇ ಪುಟದಲ್ಲಿ, ಕಸಿ ಫಲಿಸುವ ಹೊಣೆ ಅವರದಲ್ಲ ಎಂದಿದೆ. ಆ ಹುಡುಗನಿಗೆ ಫೋನ್ ಮಾಡಿ ಬೇಡ ಎಂದೆ. 58 ಸಾವಿರ ಮೂರು ನಿಮಿಷದಲ್ಲಿ 39 ಸಾವಿರಕ್ಕೆ ಇಳಿಯಿತು. ಸಂತೆಯಲ್ಲಿ ಬದನೆಕಾಯಿಯೂ ಇಷ್ಟು ಬೇಗ ಇಳಿಯುವುದಿಲ್ಲ.

ನಮ್ಮಿಬ್ಬರ ರಕ್ತ ಪರೀಕ್ಷೆ ಆಗಿದೆ, ಥಲಸ್ಸೇಮಿಯಾ ಮೈನರ್ ಇಲ್ಲ. ಹಾಸನದ ಅಕ್ಕ, ನಿಮ್ಮಿಂದಾಗಿ ಮಾಡಿಸಿದೆವು. ಬಳ್ಳಿಯನ್ನು ಒಂದು ನಿಮಿಷ ಕಾದು ಕತ್ತರಿಸಿ ಎಂದು ಹೆರಿಗೆ ವೈದ್ಯರಿಗೆ ಚೀಟಿ ಬರೆದುಕೊಟ್ಟಿದ್ದೇನೆ. ಕಾಕಾ, ಚೀಟಿಯಲ್ಲಿ ನಿಮ್ಮ ಅಜ್ಜಿಯ ಹೆಸರಿಲ್ಲ, ಆದರೆ ಮಾತು ಅವರದೇ. ಯಜಮಾನರ ಕೆನ್ನೆಗೆ ಸವರುವ ಕಡ್ಡಿ ಅಂಚೆಯಲ್ಲಿ ಬರುತ್ತಿದೆ. ನನ್ನದು ಬಾಣಂತನ ಮುಗಿದ ಮೇಲೆ.

ಮ್ಯೂನಿಕ್ ಕನ್ನಡತಿ
ಕರೆ ಬಂದಾಗ ಮಾತ್ರ ಹಿಂದೆ ಸರಿಯಬೇಡಿ ಎಂದು ಯಜಮಾನರಿಗೆ ಹೇಳಿ. ಅಲ್ಲಿ ರೋಗಿಯ ಮಜ್ಜೆಯನ್ನು ಪೂರ್ತಿ ನಾಶ ಮಾಡಿದ ಮೇಲೆ ಇಲ್ಲಿ ದಾನಿಯ ಮನೆಯವರು ಬೇಡವೆಂದ ಸಂದರ್ಭಗಳ ಬಗ್ಗೆ ಕೇಳಿದ್ದೇನೆ.

ಲೆಕ್ಕಿಗ
ಊರಿಗೆ ಹೋಗಿ ಬಂದೆ. ವರದಿ ಸಿಕ್ಕಿತು. ಒಟ್ಟು ಕೋಶ 42 ಕೋಟಿ ಎಂದಿದೆ. ಓದಿ ಖುಷಿಯಾಯಿತು, 42 ಕೋಟಿ ಎಂದರೆ ಸಾಮಾನ್ಯವೇ?

ಸೂಕ್ಷ್ಮದರ್ಶಕ
ಕಸಿಗೆ ರೋಗಿಯ ತೂಕದ ಪ್ರತಿ ಕೆಜಿಗೆ ಕನಿಷ್ಠ ಎರಡೂವರೆಯಿಂದ ಮೂರು ಕೋಟಿ ಬೇಕೆಂದು ಹಿಡಿಯುತ್ತೇವೆ. ಸಾರ್ವಜನಿಕ ಬ್ಯಾಂಕುಗಳು ಸಾಮಾನ್ಯವಾಗಿ 90 ಕೋಟಿಗಿಂತ ಕಡಿಮೆ ಇದ್ದ ಚೀಲವನ್ನು ಇಟ್ಟುಕೊಳ್ಳುವುದೇ ಇಲ್ಲ. ಮುಂದಿನ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಬರುತ್ತದೆ.

ಲೆಕ್ಕಿಗ
ಮೂರು ಕೋಟಿಯಂತೆ 14 ಕೆಜಿ. ಎರಡೂವರೆಯಂತೆ ಹದಿನೇಳು ಕೆಜಿಗೆ ಒಂದಿಷ್ಟು ಕಡಿಮೆ. ಮಗನನ್ನು ಹೋದ ವಾರ ಅಂಗನವಾಡಿಯಲ್ಲಿ ತೂಗಿಸಿದೆವು, 13 ಕೆಜಿ 200 ಗ್ರಾಂ.

ಅನುಮಾನಪ್ಪ
ಈ ಸಲ ನಾನು ಏನೂ ಹೇಳುವುದಿಲ್ಲ.

ಲೆಕ್ಕಿಗ
ಹೇಳಿದರೂ ಬೇಸರವಿಲ್ಲ. ಮುಂದೊಂದು ಮಗುವಾದರೆ, ಅದು ಚಿಕ್ಕದಿರುವಾಗ, ಹೊಂದಿದರೆ, ಆಗಬಹುದು ಎಂಬ ಎಳೆಯನ್ನು ಮಾತ್ರ ನಾನು ಬಿಡುವುದಿಲ್ಲ. ಕಂತು ಇನ್ನೂ ಒಂಬತ್ತು ಇವೆ, ಪ್ರತಿ ತಿಂಗಳು ಐದನೇ ತಾರೀಕು ಖಾತೆಯಿಂದ ತಾನೇ ಹೋಗುತ್ತದೆ.